ಬಂಡಿ ಬಿಟ್ಟ ಬಯಲು

ಮರುಭೂಮಿಯಲ್ಲಿ ಮೋಟಾರು ನಿಲ್ಲಿಸಿ, ಅದರ ಮಗ್ಗುಲಲ್ಲಿಯೇ ಅಡಿಗೆ ಮಾಡಿ ಉಂಡು, ನಕ್ಷತ್ರಗಳ ಕೆಳಗೆ ಮಲಗುವುದರ ಸುಖವನ್ನು ಮಿತ್ರರೊಬ್ಬರು ಮೊನ್ನೆ ಬಹಳವಾಗಿ ಬಣ್ಣಿಸಿದರು. ಅವರು ಜೈಸಲ್ಮೇರಿನಾಚೆಯ ಥಾರ್ ಮರಳುಗಾಡನ್ನು ಕಂಡು ಬಂದಿದ್ದರು. ನಾನು ಸುಮ್ಮನೆ ಕೇಳಿದೆ. ಮನೋಳಿಯವನಾದ ನನಗೆ ಈ ಸುಖ ಹೊಸದಲ್ಲವೆಂದರೆ ಅವರು ನಂಬುತ್ತಿದ್ದರೋ ಇಲ್ಲವೋ! ನಮ್ಮಲ್ಲಿ ಮರಳುಗಾಡಿಲ್ಲ, ನಿಜ. ಆದರೆ ಗಾಡಿಯನ್ನೇ ಮನೆ ಮಾಡಿಕೊಂಡು ಬಯಲಿನಲ್ಲಿ ಬೀಡುಬಿಡುವ ವಿದ್ಯೆ ನಮಗೆ ತಲೆಮಾರುಗಳಿಂದ ಬಂದದ್ದು.

ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಜಡಿಮಳೆಯ ನಡುವೆ ಹುಟ್ಟುತ್ತಾಳೆ. ನಮ್ಮ ಸೀಮೆಗೆ ಬರುವಷ್ಟರಲ್ಲಿ ಆ ಮಳೆ ಬಹುದೂರ ಹಿಂದುಳಿದಿರುತ್ತದೆ. ನವಿಲುತೀರ್ಥದಲ್ಲಿ ಸವದತ್ತಿಯ ಗುಡ್ಡಗಳನ್ನು ಸೀಳಿಕೊಂಡು ಆಕೆ ಮನೋಳಿಯ ಕಡೆಗೆ ಇಳಿಯುತ್ತಾಳೆ. ಆ ಕಂದರಕ್ಕೆ ಈಗ ಅಣೆಕಟ್ಟು ಬಂದಿದೆ. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಆ ರೇಣುಕೆಯೇ ಗುಡ್ಡದ ಎಲ್ಲಮ್ಮ. ಆಕೆಯ ದರ್ಶನವೇ ನಮ್ಮ ಬಯಲು ವಾಸಕ್ಕೆ ನೆವ.

ನನ್ನ ಬಾಲ್ಯದಲ್ಲಿ ಭಾರತ ಹುಣ್ಣಿಮೆ ಬಂತೆಂದರೆ ಅಪ್ಪ ಕೊಲ್ಲಾರಿ ಬಂಡಿಯ ಅಚ್ಚಿಗೆ ಎಣ್ಣೆ ಹಾಕುತ್ತಿದ್ದ. ಅವ್ವ ಎರಡು ದಿನ ಮೊದಲೇ ಕಟಕ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ ಗಂಟು ಕಟ್ಟುತ್ತಿದ್ದಳು. ಎತ್ತುಗಳಿಗೆ ಕೊರಳ ಗೆಜ್ಜೆ, ಮೈಮೇಲೆ ಜೂಲ. ಹಾದಿಯ ಎರಡೂ ಬದಿಗೆ ಹಿಂಗಾರಿ ಜೋಳ ತೆನೆಗಟ್ಟಿ ನಿಂತಿರುತ್ತಿತ್ತು. ಹೊಲದವರು ಕರೆದು ಸೀತನಿ ತಿನ್ನಿಸುತ್ತಿದ್ದರು. ಗುರುತು ಪರಿಚಯ ಕೇಳುವ ಪದ್ಧತಿಯಿರಲಿಲ್ಲ.

ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಏರಿದ ಮೇಲೆ ಬಂಡಿ ಬಿಡುವ ಜಾಗ ಹುಡುಕುವುದೇ ಒಂದು ದೊಡ್ಡ ಕೆಲಸ. ನೆಲ ಸಮನಾಗಿರಬೇಕು, ಗಾಳಿಗೆ ಮರೆ ಇರಬೇಕು, ನೀರು ಬಹಳ ದೂರವಿರಬಾರದು. ನೊಗ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟಿ, ಮುಂದೆ ಕಣಿಕೆ ಹಾಕಿದರೆ ಮನೆ ಕಟ್ಟಿ ಮುಗಿದಂತೆ. ಮೂರು ಕಲ್ಲು ಹೂಡಿದಲ್ಲಿ ಒಲೆ. ಬಂಡಿಯ ಕೆಳಗೆ ಕೌದಿ ಹಾಸಿದಲ್ಲಿ ಪಡಸಾಲೆ. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಬೇಯಿಸಿ, ಪಡ್ಡಲಗಿ ತುಂಬಿಸಿ, ಪಕ್ಕದ ಬಂಡಿಯವರಿಗೂ ಬಡಿಸಿ ಉಣ್ಣುವ ಆ ಊಟದ ರುಚಿಯನ್ನು ಮನೆಯೊಳಗೆ ನಾನೆಂದೂ ಕಂಡಿಲ್ಲ. ಎತ್ತುಗಳು ನೀರು ಕುಡಿಯುವ ತನಕ ಅಪ್ಪ ಮಾತ್ರ ತುತ್ತು ಮುಟ್ಟುತ್ತಿರಲಿಲ್ಲ. “ಎತ್ತಿಗೆ ನೀರ ಕುಡಿಸಿದ್ರೇನು?” ಎಂದು ಅವ್ವ ಕೇಳುವಳು, “ಹೂಂ” ಎಂದು ಅವನು ಎಲೆಯ ಮುಂದೆ ಕೂಡುವನು. ರಾತ್ರಿ ಎತ್ತುಗಳು ಮೆಲುಕು ಹಾಕುವ ಸಪ್ಪಳದಲ್ಲಿ, ಚೌಡಿಕೆಯ ದನಿ ಎಲ್ಲಿಂದಲೋ ಬರುತ್ತಿರಲು, ನಮಗೆ ನಿದ್ದೆ ಬರುತ್ತಿತ್ತು.

ಎಲ್ಲವೂ ಸೊಗಸಾಗಿತ್ತೆಂದು ನಾನು ಹೇಳಲಾರೆ. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಡುತ್ತಿದ್ದ ಅನ್ಯಾಯವೂ ಇದೇ ಭಕ್ತಿಯ ಜೊತೆಗಿತ್ತು. 1982ರ ಕಾಯಿದೆ ಅದನ್ನು ನಿಷೇಧಿಸಿತು. ಬೆಳದಿಂಗಳನ್ನು ನೆನೆಯುವವನು ಈ ಕತ್ತಲೆಯನ್ನೂ ನೆನೆಯಬೇಕು.

ಎತ್ತುಗಳು ಹೋದವು, ಟ್ರ್ಯಾಕ್ಟರು ಬಂತು, ಈಗ ಕಾರು. ಅಪ್ಪ ತೀರಿಕೊಂಡ ಮೊದಲ ವರ್ಷ ಅವ್ವ “ಗುಡ್ಡಕ್ಕ ಹೋಗೂಣು” ಎಂದಾಗ ನನಗೆ ಆಶ್ಚರ್ಯವಾಯಿತು. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮನ ಬಳೆ ಒಡೆಯುತ್ತವೆ. ಭಾರತ ಹುಣ್ಣಿಮೆಗೆ ಆಕೆ ಮರಳಿ ಮುತ್ತೈದೆಯಾಗುತ್ತಾಳೆ. ಬರಿಗೈಯ ಅವ್ವ ಇದನ್ನು ಹೇಗೆ ನೋಡಿಯಾಳು? ಆಕೆ ನೋಡಿದಳು, ಕೈಮುಗಿದಳು. ಹೊರಗೆ ಬಂದ ಮೇಲೆ, “ಆಕೀದು ಎರಡ ತಿಂಗಳದ ಮಾತು, ಯಪ್ಪಾ,” ಎಂದಷ್ಟೇ ಅಂದಳು. ಅದರಲ್ಲಿ ದೂರಿರಲಿಲ್ಲ, ದೇವಿಯನ್ನು ಕಂಡು ಹೊಟ್ಟೆಕಿಚ್ಚೂ ಇರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ವಸತಿಗೃಹಕ್ಕೆ ಹೋಗೋಣವೆಂದರೆ ಕೇಳಲಿಲ್ಲ. ಬಯಲಿನಲ್ಲಿ ಕಾರು ನಿಲ್ಲಿಸಿದೆ. ಬಂಡಿಯ ಹಾಗೆ ಅದರ ಕೆಳಗೆ ಮಲಗುವಂತಿಲ್ಲ. ಆದ್ದರಿಂದ ಅವ್ವ ಗಾಲಿಯ ಮಗ್ಗುಲಿಗೆ ಕೌದಿ ಹಾಸಿದಳು. ಅಕ್ಕಪಕ್ಕ ಟ್ರ್ಯಾಕ್ಟರುಗಳು, ಅಲ್ಲೊಂದು ಇಲ್ಲೊಂದು ಬಂಡಿ. ಕಲ್ಲು ಮೂರೇ, ಹೊಗೆ ಅದೇ, ಪಕ್ಕದವರು ತಂದಿತ್ತ ಕಡಬೂ ಅದೇ. ಚಳಿ ಏರುತ್ತಿತ್ತು. ನಿದ್ದೆ ಬಂದಿತೆಂದು ತಿಳಿದಿದ್ದ ಅವ್ವ ಕಣ್ಣು ತೆರೆಯದೆಯೇ ಕೇಳಿದಳು: “ಎತ್ತಿಗೆ ನೀರ ಕುಡಿಸಿದ್ರೇನು?”

ನಾನು ಒಂದು ಕ್ಷಣ ಸುಮ್ಮನಿದ್ದು, “ಹೂಂ” ಎಂದೆ. ಆಕೆ ಕೌದಿ ಎಳೆದುಕೊಂಡು ಮಲಗಿದಳು.

ಮಿತ್ರರು ಮತ್ತೆ ಸಿಕ್ಕರೆ ಒಮ್ಮೆ ಭಾರತ ಹುಣ್ಣಿಮೆಗೆ ನಮ್ಮಲ್ಲಿಗೆ ಬನ್ನಿರೆಂದು ಕರೆಯಬೇಕೆಂದಿದ್ದೇನೆ. ಹಾಸಲು ಕೌದಿ ನಮ್ಮಲ್ಲಿವೆ. ನೀರಿನ ಕೊಡವನ್ನು ಮಾತ್ರ ಮರೆಯಬಾರದು.