ನೋವಿನ ಗುಳಿಗೆ: ನಂಬಿಕೆ ಏನು, ನಿಜ ಏನು?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿ ಶುರು. ದಿನವಿಡೀ ಬಗ್ಗಿ ಸಸಿ ನೆಟ್ಟ ಹೆಣ್ಣುಮಕ್ಕಳು ಸಂಜೆ ಔಷಧ ಅಂಗಡಿಯ ಮುಂದೆ ನಿಂತು, "ಟೊಂಕ ನೋವಿಗೆ ಒಂದು ಗುಳಿಗಿ ಕೊಡ್ರಿ" ಎನ್ನುತ್ತಾರೆ. ಲಿಂಗಸುಗೂರು, ಮಸ್ಕಿಯಲ್ಲೂ ಇದೇ ಮಾತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥವು ಉರಿಯೂತ ತಗ್ಗಿಸುವ ಒಳ್ಳೆಯ ಔಷಧಗಳೇ. ಆದರೆ ಡೈಕ್ಲೋಫೆನಾಕ್ ಗುಳಿಗೆಯನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದಕ್ಕೆ ತಕ್ಕ ಕಾರಣವಿದೆ.

ತಪ್ಪು ಕಲ್ಪನೆ: ಗುಳಿಗೆ ಹೊಟ್ಟೆ ಕೆಡಿಸುತ್ತದೆ, ಸೂಜಿ ಮಾಡಿಸಿಕೊಂಡರೆ ಆ ಕಾಟವಿಲ್ಲ.

ಸತ್ಯ: ಇಂಥ ಔಷಧಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ ಎಂಬುದನ್ನು 1971ರಲ್ಲಿ ತೋರಿಸಿಕೊಟ್ಟವರು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು. ಪೆಟ್ಟಾದ ಕಡೆ ನೋವು, ಬಾವು ತರುವ ಇದೇ ರಾಸಾಯನಿಕ ಜಠರದ ಒಳಪದರವನ್ನೂ ಕಾಯುತ್ತದೆ. ಬಾಯಿಂದ ಹೋದರೂ ಸೂಜಿಯಿಂದ ಹೋದರೂ ಔಷಧ ಸೇರುವುದು ರಕ್ತಕ್ಕೆ. ಆದ್ದರಿಂದ ಸೂಜಿಯಿಂದಲೂ ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತ ಒಸರಬಹುದು.

ತಪ್ಪು ಕಲ್ಪನೆ: ಜೊತೆಗೊಂದು ಗ್ಯಾಸಿನ ಗುಳಿಗೆ ನುಂಗಿದರೆ ಏನೂ ಆಗದು.

ಸತ್ಯ: ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಗುಳಿಗೆ ಹುಣ್ಣಿನ ಅಪಾಯ ತಗ್ಗಿಸುತ್ತದೆ, ಕಿಡ್ನಿಯನ್ನು ಕಾಪಾಡುವುದಿಲ್ಲ. ನಮ್ಮ ಭಾಗದಲ್ಲಿ ನನಗೆ ಅತಿ ಹೆಚ್ಚು ಆತಂಕ ಕಿಡ್ನಿಯದ್ದೇ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬೆವರಿ, ನೀರು ಕುಡಿಯದೆ ದೇಹ ಒಣಗಿದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದು ಪ್ರೊಸ್ಟಾಗ್ಲಾಂಡಿನ್. ಸರಿಯಾಗಿ ಆ ಹೊತ್ತಿಗೇ ಗುಳಿಗೆ ಅದನ್ನು ತಡೆದುಬಿಡುತ್ತದೆ. ಬಿಪಿಗೆಂದು ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಮೇಲೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಕೂಡ ಎಚ್ಚರದಿಂದಿರಬೇಕು. ಕಿಡ್ನಿ ಸೋಲತೊಡಗಿದರೂ ಮೊದಮೊದಲು ಗೊತ್ತಾಗುವುದಿಲ್ಲ. ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸತ್ತದ್ದೂ ಕಿಡ್ನಿ ಕೆಟ್ಟೇ. ಪಶುಗಳಿಗೆಂದು ಅದನ್ನು ತಯಾರಿಸುವುದನ್ನು 2006ರಲ್ಲಿ ಭಾರತ ನಿಷೇಧಿಸಿತು. ಮನುಷ್ಯರ ದೇಹ ಅಷ್ಟು ಸೂಕ್ಷ್ಮವಲ್ಲ, ನಿಜ. ಆದರೂ ಇದು ಸಲೀಸಾಗಿ ನುಂಗುವ ವಸ್ತುವಲ್ಲ.

ತಪ್ಪು ಕಲ್ಪನೆ: ಒಂದು ಗುಳಿಗೆಗೆ ನೋವು ಇಳಿಯದಿದ್ದರೆ ಬೇರೆ ಹೆಸರಿನ ಇನ್ನೊಂದು ಸೇರಿಸಬೇಕು.

ಸತ್ಯ: ಹೆಸರು ಬೇರೆಯಾದರೂ ಜಾತಿ ಒಂದೇ. ನೋವು ಹೆಚ್ಚೇನೂ ಇಳಿಯದು, ಅಪಾಯ ಮಾತ್ರ ಏರುತ್ತದೆ. ಕಾಗದದ ಪೊಟ್ಟಣದಲ್ಲಿ ಬಿಡಿ ಗುಳಿಗೆ ಕೊಟ್ಟರೆ ಒಪ್ಪಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ. ಹೆಸರು, ಅವಧಿ ಕಾಣುವ ಪಟ್ಟಿಯನ್ನೇ ಕೇಳಿ.

ತಪ್ಪು ಕಲ್ಪನೆ: ಜ್ವರದ ಮೈಕೈ ನೋವಿಗೂ ಇದೇ ಮದ್ದು.

ಸತ್ಯ: 2006ರಲ್ಲಿ ಕರ್ನಾಟಕದಲ್ಲಿ ಸುಮಾರು ಏಳೂವರೆ ಲಕ್ಷ ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳಾದವು. ಆ ಕೀಲು ನೋವು ಉಂಡವರಿಗೆ ಗುಳಿಗೆಯ ಮೇಲೆ ಕೈ ಹೋಗುವುದು ಸಹಜ. ಆದರೆ ಡೆಂಗಿಯೂ ಆರಂಭದಲ್ಲಿ ಹಾಗೆಯೇ ಕಾಣುತ್ತದೆ, ಅದರಲ್ಲಿ ಈ ಔಷಧಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು.

ತಪ್ಪು ಕಲ್ಪನೆ: ವಯಸ್ಸಾದ ಮೇಲೆ ದಿನಕ್ಕೊಂದು ಗುಳಿಗೆ ಬೇಕೇ ಬೇಕು.

ಸತ್ಯ: ಮೊಣಕಾಲು ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಮೊದಲು ಅದನ್ನು ವೈದ್ಯರ ಬಳಿ ಕೇಳಿ. ನೋವಿಗೆ ವಯಸ್ಸೊಂದೇ ಕಾರಣವಲ್ಲ: ನಮ್ಮ ರಾಯಚೂರು ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಸೆಟೆಯಬಹುದು. ಹಾಗಿದ್ದಲ್ಲಿ ಬದಲಾಗಬೇಕಾದ್ದು ನೀರು.

ವೈದ್ಯರು ಬರೆದುಕೊಟ್ಟಿದ್ದರೆ ಹೆದರಿ ಬಿಡಬೇಡಿ. ಊಟವಾದ ಮೇಲೆ, ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ಬಸುರಿಯರು ಕೇಳದೆ ಮುಟ್ಟಬಾರದು. ಮಲ ಕಪ್ಪಗಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಎದೆ ನೋವು ಬಂದರೆ ಗುಳಿಗೆ ನಿಲ್ಲಿಸಿ, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಹಿಡಿದು ಅಂದೇ ಆಸ್ಪತ್ರೆಗೆ ಹೋಗಿ.