ಐವತ್ತು ಸೆಂಟಿನ ಲಸಿಕೆ

ಕಾಫಿ ಹಣ್ಣೊಂದನ್ನು ಎರಡು ಬೆರಳ ನಡುವೆ ಹಿಚುಕಿ ನೋಡಿ. ಚಪ್ಪಟೆ ಮುಖ ಒಂದಕ್ಕೊಂದು ಒತ್ತಿಕೊಂಡ ಎರಡು ಬೀಜ ಜಾರಿ ಹೊರಬರುತ್ತವೆ. 1887ರಲ್ಲಿ ವಿಯೆನ್ನಾದ ವೈದ್ಯ ಆಂಟನ್ ವೈಕ್ಸೆಲ್‌ಬಾಮ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹೆಚ್ಚುಕಡಿಮೆ ಇದೇ ಆಕಾರ. ಮಿದುಳಿನ ಪೊರೆಯಲ್ಲಿ ತುಂಬಿದ್ದ ಕೀವು, ಆ ಕೀವಿನ ಬಿಳಿ ರಕ್ತಕಣಗಳ ಒಳಗೇ ಜೋಡಿಜೋಡಿಯಾಗಿ ಕೂತ ಬ್ಯಾಕ್ಟೀರಿಯಾ. ಇಂದು ಅದನ್ನು ಮೆನಿಂಗೋಕಾಕಸ್ ಎನ್ನುತ್ತೇವೆ.

ನಮ್ಮ ಕಡೆ ಮೆದುಳು ಜ್ವರ ಅಂದರೆ ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ನೆನಪಾಗುತ್ತದೆ. ಅದು ವೈರಸ್, ಮಿದುಳನ್ನೇ ಹಿಡಿಯುತ್ತದೆ. ನಾನು ಬರೆಯುತ್ತಿರುವುದು ಮಿದುಳು, ಬೆನ್ನುಹುರಿಗಳನ್ನು ಸುತ್ತಿದ ಪೊರೆಗೆ ಬ್ಯಾಕ್ಟೀರಿಯಾ ತಗುಲಿ ಬರುವ ಮೆನಿಂಜೈಟಿಸ್ ಬಗ್ಗೆ. ಜ್ವರ, ತಲೆ ಸಿಡಿಯುವ ನೋವು, ವಾಂತಿ, ಗದ್ದ ಎದೆಗೆ ತಾಗದಷ್ಟು ಸೆಟೆದ ಕುತ್ತಿಗೆ. ‘ಬೆನ್ನಿನ ನೀರು ತೆಗೀಬೇಕು’ ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರ ಜೀವ ಹಾರುತ್ತದೆ. ದಯವಿಟ್ಟು ಬೇಡವೆನ್ನಬೇಡಿ. ಶುದ್ಧ ನೀರಿನಷ್ಟು ತಿಳಿಯಾಗಿರಬೇಕಾದ ಆ ದ್ರವ ಅಕ್ಕಚ್ಚಿನಂತೆ ಕದಡಿ ಬಂತೆಂದರೆ ಗಂಟೆಗಳನ್ನೂ ಕಳೆಯುವಂತಿಲ್ಲ. ಚಿಕಿತ್ಸೆ ಸಿಗದಿದ್ದರೆ ಮೆನಿಂಗೋಕಾಕಸ್ ಮೆನಿಂಜೈಟಿಸ್ ಬಂದವರಲ್ಲಿ ಅರ್ಧದಷ್ಟು ಮಂದಿ ಸಾಯುತ್ತಾರೆ, ಕೆಲವರು ಒಂದೇ ದಿನದಲ್ಲಿ. ಉಳಿದುಕೊಂಡವರಲ್ಲೂ ಹಲವರಿಗೆ ಕಿವಿ ಕೇಳಿಸದಾಗುತ್ತದೆ, ಮೂರ್ಛೆರೋಗ ಅಂಟಿಕೊಳ್ಳುತ್ತದೆ.

ಈ ರೋಗ ಅತಿ ಹೆಚ್ಚು ಕಾಡಿದ್ದು ಆಫ್ರಿಕಾವನ್ನು. ಸಹಾರಾ ಮರುಭೂಮಿಯ ಕೆಳಗೆ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾವರೆಗೆ ಚಾಚಿಕೊಂಡ ನೆಲವನ್ನು ಫ್ರೆಂಚ್ ಸೇನಾ ವೈದ್ಯ ಲಪೆಸೊನಿ 1963ರಲ್ಲಿ ‘ಮೆನಿಂಜೈಟಿಸ್ ಪಟ್ಟಿ’ ಎಂದು ಗುರುತಿಸಿದರು. ಡಿಸೆಂಬರ್ ಬಂತೆಂದರೆ ಅಲ್ಲಿ ಹರ್ಮಟಾನ್ ಎಂಬ ಒಣಗಾಳಿ ದೂಳು ಹೊತ್ತು ಬೀಸುತ್ತದೆ. ಎಷ್ಟೋ ಜನರ ಗಂಟಲಲ್ಲಿ ತೊಂದರೆ ಕೊಡದೆ ಬಿದ್ದಿರುವ ಬ್ಯಾಕ್ಟೀರಿಯಾ, ಮೂಗು ಗಂಟಲು ಒಣಗಿ ಬಿರಿದ ಆ ದಿನಗಳಲ್ಲಿ ರಕ್ತಕ್ಕೆ ಇಳಿಯುತ್ತದೆ. ಮಳೆ ಬಿದ್ದ ಮೇಲೆ ರೋಗವೂ ಅಡಗುತ್ತದೆ. 1996–97ರ ಹಾವಳಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಮಲಗಿದರು, ಸುಮಾರು 25,000 ಮಂದಿ ಸತ್ತರು. ಈ ಬ್ಯಾಕ್ಟೀರಿಯಾದಲ್ಲಿ ಹಲವು ಗುಂಪುಗಳಿವೆ; ಆ ಹಾವಳಿ ಬಹುಪಾಲು ‘ಎ’ ಗುಂಪಿನ ಮೆನಿಂಗೋಕಾಕಸ್‌ನಿಂದ.

ಲಸಿಕೆ ಇರಲಿಲ್ಲ ಎಂದಲ್ಲ, ಇತ್ತು. ಬ್ಯಾಕ್ಟೀರಿಯಾ ತನ್ನ ಮೈಗೆ ಸಕ್ಕರೆಯ ಕವಚ ಹೊದ್ದಿರುತ್ತದೆ. ಆ ಸಕ್ಕರೆಯನ್ನೇ ಶುದ್ಧಮಾಡಿ ಚುಚ್ಚುತ್ತಿದ್ದರು. ಎರಡು ವರ್ಷದೊಳಗಿನ ಮಗುವಿನ ಮೈ ಮಾತ್ರ ಬರೀ ಸಕ್ಕರೆಯನ್ನು ಸರಿಯಾಗಿ ಗುರುತಿಸದು. ದೊಡ್ಡವರಿಗೂ ಅದರ ರಕ್ಷಣೆ ಕೆಲವೇ ವರ್ಷ, ಗಂಟಲಿನ ಬ್ಯಾಕ್ಟೀರಿಯಾ ಇದ್ದಲ್ಲೇ ಇರುತ್ತಿತ್ತು. ಹಾಗಾಗಿ ಪ್ರತಿ ಸಲ ಹಾವಳಿ ಎದ್ದಮೇಲೆ ಲಸಿಕೆ ಹಿಡಿದು ಓಡುವುದೇ ಆಯಿತು.

ಉಪಾಯವೂ ಗೊತ್ತಿತ್ತು. ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿಬಿಟ್ಟರೆ ಮೈ ಅದನ್ನು ಗುರುತಿಸುತ್ತದೆ ಎಂದು ನ್ಯೂಯಾರ್ಕಿನ ಏವರಿ ಮತ್ತು ಗೋಬೆಲ್ 1929ರಲ್ಲೇ ತೋರಿಸಿದ್ದರು. ಹಿಬ್ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಇದೇ ಉಪಾಯದ ಲಸಿಕೆ 1987ರಿಂದ ಅಮೆರಿಕದ ಮಕ್ಕಳಿಗೆ ಸಿಗುತ್ತಿತ್ತು. ಆಫ್ರಿಕಾದ ‘ಎ’ ಗುಂಪಿಗೆ ಅಂಥದ್ದನ್ನು ಮಾಡಿಕೊಡುವವರು ಇರಲಿಲ್ಲ, ಯಾಕೆಂದರೆ ಕೊಳ್ಳುವವರ ಕೈಯಲ್ಲಿ ಹಣವಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾತ್ ಸಂಸ್ಥೆ ಕೂಡಿ, ಗೇಟ್ಸ್ ಪ್ರತಿಷ್ಠಾನದ 7 ಕೋಟಿ ಡಾಲರ್ ನೆರವಿನಲ್ಲಿ ‘ಮೆನಿಂಜೈಟಿಸ್ ವ್ಯಾಕ್ಸಿನ್ ಪ್ರಾಜೆಕ್ಟ್’ ಆರಂಭಿಸಿದವು. ಮುಖ್ಯಸ್ಥರು ಮಾರ್ಕ್ ಲಾಫೋರ್ಸ್. ಅವರು ಮೊದಲು ಆಫ್ರಿಕಾದ ಆರೋಗ್ಯಾಧಿಕಾರಿಗಳನ್ನು ಹೋಗಿ ಕೇಳಿದರು. ಒಂದು ಡೋಸಿಗೆ 50 ಸೆಂಟ್ ಮೀರಿದರೆ ನಮಗೆ ಎಟುಕುವುದಿಲ್ಲ ಎಂಬ ಉತ್ತರ ಬಂತು. ಆಗಿನ ಲೆಕ್ಕಕ್ಕೆ ನಮ್ಮ 23 ರೂಪಾಯಿಯ ಆಸುಪಾಸು. ಲಸಿಕೆ ತಯಾರಾದಮೇಲೆ ಬೆಲೆ ಕಟ್ಟುವುದು ವಾಡಿಕೆ. ಇಲ್ಲಿ ಬೆಲೆ ಮೊದಲು ನಿಂತಿತು, ಲಸಿಕೆ ಅದರೊಳಗೆ ಹಿಡಿಸಬೇಕಾಯಿತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

ದೊಡ್ಡ ಕಂಪನಿಗಳಿಂದ ಆಗದ ಈ ಕೆಲಸವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಒಪ್ಪಿಕೊಂಡಿತು. ‘ಎ’ ಗುಂಪಿನ ಸಕ್ಕರೆ ಮೊದಲು ಆಮ್‌ಸ್ಟರ್‌ಡ್ಯಾಮಿನ ಕಂಪನಿಯೊಂದರಿಂದ ಬಂತು. ಅದನ್ನು ಪ್ರೋಟೀನಿಗೆ ಕಟ್ಟುವ ವಿಧಾನವನ್ನು ಅಮೆರಿಕದ ಎಫ್‌ಡಿಎ ಪ್ರಯೋಗಾಲಯದ ರಾಬರ್ಟ್ ಲೀ ಮತ್ತು ಕಾರ್ಲ್ ಫ್ರ್ಯಾಶ್ ರೂಪಿಸಿ, ಪುಣೆಯವರಿಗೆ ಕಲಿಸಿದರು. ಪ್ರೋಟೀನ್ ಯಾವುದು ಗೊತ್ತೆ? ಧನುರ್ವಾಯು ಲಸಿಕೆಯದೇ ಟಾಕ್ಸಾಯ್ಡ್. ಸೀರಂನವರು ದಶಕಗಳಿಂದ ಮಾಡಿಕೊಂಡು ಬಂದಿದ್ದ ಸರಕು.

ಭಾರತದಲ್ಲಿ, ಆಮೇಲೆ ಮಾಲಿ, ಗ್ಯಾಂಬಿಯಾ, ಸೆನೆಗಲ್‌ಗಳಲ್ಲಿ ಪರೀಕ್ಷೆಗಳು ಮುಗಿದು, 2010ರ ಡಿಸೆಂಬರ್ 6ರಂದು ಬುರ್ಕಿನಾ ಫಾಸೊದಲ್ಲಿ ‘ಮೆನ್‌ಆಫ್ರಿವ್ಯಾಕ್’ ಅಭಿಯಾನ ಶುರುವಾಯಿತು. 1ರಿಂದ 29 ವರ್ಷದೊಳಗಿನ ಸುಮಾರು 1.1 ಕೋಟಿ ಜನರಿಗೆ ಹತ್ತೇ ದಿನದಲ್ಲಿ ಚುಚ್ಚುಮದ್ದು ಸಿಕ್ಕಿತು. 2012ರಲ್ಲಿ ಇನ್ನೊಂದು ಬಾಗಿಲು ತೆರೆಯಿತು: 40 ಡಿಗ್ರಿ ಬಿಸಿಲಲ್ಲೂ ನಾಲ್ಕು ದಿನದವರೆಗೆ ಈ ಲಸಿಕೆ ಕೆಡದೆಂದು ಖಚಿತವಾಗಿ, ಐಸ್ ಇಲ್ಲದ ಹಳ್ಳಿಗೂ ಬರೀ ಪೆಟ್ಟಿಗೆಯಲ್ಲಿ ಒಯ್ಯಬಹುದಾಯಿತು. ಬೆನಿನ್ ದೇಶದಲ್ಲಿ ಮೊದಲು ಹಾಗೆ ಒಯ್ದರು. ಚಾಡ್‌ನಲ್ಲಿ ಲಸಿಕೆ ಹಾಕಿದ ಪ್ರದೇಶಗಳಲ್ಲಿ ಮೆನಿಂಜೈಟಿಸ್ ಶೇ 94ರಷ್ಟು ಇಳಿಯಿತು. ಗಂಟಲಿನಿಂದಲೂ ‘ಎ’ ಗುಂಪು ಬಹುಮಟ್ಟಿಗೆ ಮಾಯವಾಯಿತು. 2017ರ ಈಚೆಗೆ ಆ ಮೆನಿಂಜೈಟಿಸ್ ಪಟ್ಟಿಯಲ್ಲಿ ‘ಎ’ ಗುಂಪಿನ ಪ್ರಕರಣ ದೃಢಪಟ್ಟಿಲ್ಲ.

ಸಿ, ಡಬ್ಲ್ಯು, ಎಕ್ಸ್ ಗುಂಪುಗಳು ಉಳಿದುಕೊಂಡವು. 2017ರಲ್ಲಿ ನೈಜೀರಿಯಾದಲ್ಲಿ ‘ಸಿ’ ಗುಂಪು ಸಾವಿರಕ್ಕೂ ಹೆಚ್ಚು ಜೀವ ತೆಗೆಯಿತು. ‘ಎಕ್ಸ್’ಗಂತೂ ಲಸಿಕೆಯೇ ಇರಲಿಲ್ಲ. ಅದನ್ನೂ ಸೇರಿಸಿ ಐದು ಗುಂಪಿಗೆ ಒಂದೇ ಲಸಿಕೆಯನ್ನು ಪುಣೆಯವರೇ ತಯಾರಿಸಿದರು. 2024ರಲ್ಲಿ ಮೊದಲು ಬಳಸಿದ್ದು ಅದೇ ನೈಜೀರಿಯಾ.

ಮಕ್ಕಳಲ್ಲಿ ಮೆನಿಂಜೈಟಿಸ್ ತರುವ ಇನ್ನೆರಡು ದೊಡ್ಡ ಬ್ಯಾಕ್ಟೀರಿಯಾ ಹಿಬ್ ಮತ್ತು ನ್ಯೂಮೋಕಾಕಸ್. ಗುರುವಾರ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋದರೆ, ಒಂದೂವರೆ ತಿಂಗಳ ಕೂಸಿನ ಎಡ ತೊಡೆಗೆ ಹಿಬ್ ಲಸಿಕೆ ಸೇರಿದ ಪೆಂಟಾವೇಲೆಂಟ್, ಬಲ ತೊಡೆಗೆ ನ್ಯೂಮೋಕಾಕಸ್ ತಡೆಯುವ ಪಿಸಿವಿ ಹಾಕುವುದನ್ನು ನೋಡಬಹುದು. ಎರಡರಲ್ಲೂ ಇರುವುದು ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟುವ ಅದೇ ಉಪಾಯ. ಕೂಸು ಕಿರುಚುತ್ತದೆ, ಅಮ್ಮ ಎತ್ತಿ ಎದೆಗೆ ಒತ್ತಿಕೊಳ್ಳುತ್ತಾಳೆ, ಸಿಸ್ಟರ್ ತಾಯಿ ಕಾರ್ಡಿನಲ್ಲಿ ಮುಂದಿನ ತಾರೀಕು ಬರೆದುಕೊಡುತ್ತಾರೆ.