‘ತಕ್ಕದ್ದು’ ಯಾರಿಗೆ, ‘ಬಹುದು’ ಯಾರಿಗೆ?

ಆಂಗ್ಲಭಾಷೆಯಲ್ಲಿ ‘ಶಲ್’ ಎಂಬ ಸಹಾಯಕ ಕ್ರಿಯಾಪದವೊಂದುಂಟು. ಶಾಲೆಯ ವ್ಯಾಕರಣವು ಇದನ್ನು ಭವಿಷ್ಯತ್ಕಾಲದ ಚಿಹ್ನೆಯೆಂದು ಹೇಳಿ ಮುಗಿಸುವುದು. ಆದರೆ ಇದರ ಪುರಾತನಾರ್ಥವು ‘ಋಣಿಯಾಗಿರುವುದು’ ಎಂದು. ಆ ಋಣದ ಛಾಯೆಯೇ ಕಾನೂನಿನಲ್ಲಿ ಉಳಿದು, ‘ಶಲ್’ ಎಂದರೆ ಕಡ್ಡಾಯವೆಂದೂ ‘ಮೇ’ ಎಂದರೆ ಇಚ್ಛಾಧೀನವೆಂದೂ ರೂಢಿಯಾಗಿರುವುದು. ನಮ್ಮ ಶಾಸನಗಳ ಕನ್ನಡದಲ್ಲಿ ಇವೇ ‘ತಕ್ಕದ್ದು’, ‘ಬಹುದು’ ಎಂದಾಗಿವೆ.

ಇದು ಕೇವಲ ವೈಯಾಕರಣರ ಜಗಳವಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 343ನೆಯ ಅನುಚ್ಛೇದವು ಹಿಂದಿಯು ಒಕ್ಕೂಟದ ಆಡಳಿತ ಭಾಷೆಯಾಗಿರತಕ್ಕದ್ದೆಂದು ವಿಧಿಸಿತು. 345ನೆಯದಾದರೋ, ರಾಜ್ಯವು ತನ್ನ ಭಾಷೆಯನ್ನು ಅಂಗೀಕರಿಸಬಹುದು ಎಂದಷ್ಟೇ ನುಡಿಯಿತು. ಆ ‘ಬಹುದು’ ಎಂಬುದನ್ನು ಹಿಡಿದು ಮೈಸೂರು ರಾಜ್ಯವು ಕನ್ನಡಕ್ಕಾಗಿ ರಾಜಭಾಷಾ ಅಧಿನಿಯಮವನ್ನು ರಚಿಸಿದ್ದು 1963ರಲ್ಲಿ.

‘ತಕ್ಕದ್ದು’ ಎಂದಮಾತ್ರಕ್ಕೆ ಕಟ್ಟು ಗಟ್ಟಿಯೆಂದೂ ಹೇಳಲಾಗದು. ಲೋಕಸೇವಾ ಆಯೋಗದೊಡನೆ ಸಮಾಲೋಚಿಸತಕ್ಕದ್ದೆಂಬ 320ನೆಯ ಅನುಚ್ಛೇದದ ವಿಧಿಯನ್ನು ಪಾಲಿಸದಿದ್ದರೂ ಸರ್ಕಾರದ ಕ್ರಮವು ಅಸಿಂಧುವಾಗದೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ, ಮನಬೋಧನಲಾಲ ಶ್ರೀವಾಸ್ತವರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಅಧಿಕಾರದೊಡನೆ ಕರ್ತವ್ಯವೂ ಕೂಡಿರುವಲ್ಲಿ ‘ಬಹುದು’ ಎಂಬುದೇ ಕಡ್ಡಾಯವಾಗುವುದೂ ಉಂಟು. ಪಂಡಿತರೇ ಹೀಗೆ ತೂಗಿನೋಡಬೇಕಾದ ಮಾತನ್ನು ಪಾಮರನು ಹೇಗೆ ಬಲ್ಲನು?

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ರೈತನೊಬ್ಬನಿಗೆ ನೀರುಗಂದಾಯದ ನೋಟೀಸು ಬಂದಿತೆಂದು ಭಾವಿಸೋಣ. ‘ಹದಿನೈದು ದಿನಗಳೊಳಗಾಗಿ ಪಾವತಿ ಮಾಡತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಬಹುದು’ ಎಂದು ಅದರಲ್ಲಿದೆ. ಅವನ ಮನೆಮಾತಿನಲ್ಲಿ ತಕ್ಕ ಬೆಲೆ, ತಕ್ಕ ವರ ಎಂದರೆ ಯೋಗ್ಯವಾದುದು ಎಂದರ್ಥ. ಹಾಗಾದರೆ ಹಣ ಕಟ್ಟುವುದು ಯೋಗ್ಯವೋ, ಕಡ್ಡಾಯವೋ? ‘ಜರುಗಿಸಬಹುದು’ ಎಂಬುದು ದಯೆಯೋ, ಬೆದರಿಕೆಯೋ? ಸಂಶಯದಲ್ಲಿ ಗಡುವು ಮೀರಿದರೆ ನಷ್ಟವು ಅವನದೇ ಹೊರತು ಅನುವಾದಕನದಲ್ಲ.

ಪ್ರಜೆಗೆ ‘ತಕ್ಕದ್ದು’, ಅಧಿಕಾರಿಗೆ ‘ಬಹುದು’ ಎಂಬ ಈ ಹಂಚಿಕೆಯು ಪರರ ಆಳ್ವಿಕೆಗೆ ಒಪ್ಪುತ್ತಿದ್ದಿರಬಹುದು, ಸ್ವರಾಜ್ಯಕ್ಕೆ ಒಪ್ಪದು. ನಿಯಮಿತ ಕಾಲದೊಳಗೆ ಸೇವೆ ಸಲ್ಲಿಸುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿದ 2011ರ ಸಕಾಲ ಅಧಿನಿಯಮವು ಸರಿಯಾದ ದಾರಿಯನ್ನು ತೋರಿರುವುದು. ಕನ್ನಡದಲ್ಲಿ ‘ಕಟ್ಟಲೇಬೇಕು’, ‘ಕೂಡದು’, ‘ಇಷ್ಟವಿದ್ದರೆ ಮಾಡಬಹುದು’ ಎಂಬ ನಿಸ್ಸಂದಿಗ್ಧವಾದ ಮಾತುಗಳಿಗೆ ಬಡತನವಿಲ್ಲ. ರೈತನ ಕೈಸೇರುವ ಪ್ರತಿಯೊಂದು ನೋಟೀಸಿನಲ್ಲಿಯೂ ಅವನು ಮಾಡಬೇಕಾದುದನ್ನೂ, ಅಧಿಕಾರಿಯು ಮಾಡಬೇಕಾದುದನ್ನೂ ಈ ಮಾತುಗಳಿಂದಲೇ ತಿಳಿಸಬೇಕೆಂದು ನಾವು ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ. ಓದಿದವನಿಗೆ ಅರ್ಥವಾಗದ ಆಜ್ಞೆಯನ್ನು ಪಾಲಿಸಲಿಲ್ಲವೆಂದು ದಂಡಿಸುವುದು ನ್ಯಾಯವಲ್ಲ.